ಸ್ಲಾವ್ ಕುಣಿತಗಳು: ಸಂಗೀತ ಪ್ರಶ್ನೋತ್ತರ

ಪ್ರಶ್ನೆ: ಚೆಕ್ ಸಂಯೋಜಕ ದ್ವೊರ್ಝಾಕರ ‘ಸ್ಲಾವೋನಿಕ್ ಡಾನ್ಸಸ್’ ಹಳ್ಳಿಗಳಲ್ಲಿ ಸಂಗ್ರಹಿಸಿದ ಜನಪದ ಧಾಟಿಗಳೇ? ಹಾಗಿದ್ದರೆ ಅವನ್ನು ಅವರ ಸ್ವಂತ ಕೃತಿ ಎನ್ನುವುದು ಹೇಗೆ?
— ಓದುಗರು, ಶಿವಮೊಗ್ಗ

ಉತ್ತರ: ಧಾಟಿಗಳು ಬಹುಪಾಲು ಅವರದೇ ಸೃಷ್ಟಿ. ಜನಪದದಿಂದ ಅವರು ಪಡೆದದ್ದು ಕುಣಿತದ ಲಯ ಮತ್ತು ನಡೆ. ಜರ್ಮನ್ ಸಂಯೋಜಕ ಬ್ರಾಮ್ಸರ ಹಂಗೇರಿಯನ್ ಕುಣಿತಗಳ ಕತೆಯೇ ಬೇರೆ. ಅಲ್ಲಿ ಆಗಲೇ ಚಾಲ್ತಿಯಲ್ಲಿದ್ದ ಧಾಟಿಗಳನ್ನು ಬ್ರಾಮ್ಸ್ ಬಹುಮಟ್ಟಿಗೆ ಎತ್ತಿಕೊಂಡರು. ಪ್ರಸಿದ್ಧವಾದ ಐದನೆಯದಂತೂ ಕೇಲರ್ ಬೇಲಾ ಎಂಬ ಸಂಯೋಜಕರದು. ಆ ಕುಣಿತಗಳಿಂದ ಒಳ್ಳೆಯ ಲಾಭ ಕಂಡ ಬರ್ಲಿನ್ನಿನ ಪ್ರಕಾಶಕ ಝಿಮ್ರಾಕ್, ಅಂಥದೇ ಸ್ಲಾವ್ ಸಂಗ್ರಹವೊಂದನ್ನು ದ್ವೊರ್ಝಾಕರಿಂದ ಕೇಳಿದ. ಇವರ ಹೆಸರನ್ನು ಅವನ ಕಿವಿಗೆ ಹಾಕಿದವರೂ ಬ್ರಾಮ್ಸರೇ. 1878ರಲ್ಲಿ ಎಂಟು ಕುಣಿತಗಳು ಸಿದ್ಧವಾದವು. ಮೊದಲು ಒಂದೇ ಪಿಯಾನೊದ ಮುಂದೆ ಇಬ್ಬರು ಕುಳಿತು ನುಡಿಸುವಂತೆ ಬರೆದದ್ದು ಅದೇ ವರ್ಷ ಆರ್ಕೆಸ್ಟ್ರಾಕ್ಕೂ ಬಂತು. ಸಂಭಾವನೆ 300 ಮಾರ್ಕ್.

ದ್ವೊರ್ಝಾಕರಿಗೆ ಹಳ್ಳಿಗಳಲ್ಲಿ ಧಾಟಿ ಸಂಗ್ರಹಿಸುವ ಅಗತ್ಯವೇ ಇರಲಿಲ್ಲ. ಚೆಕ್ಕರ ನಾಡಾದ ಬೊಹೀಮಿಯಾದ ನೆಲಾಹೊಝೆವೆಸ್ ಎಂಬ ಹಳ್ಳಿಯಲ್ಲಿ ಅವರ ತಂದೆ ಮಾಂಸದಂಗಡಿ, ಹೋಟೆಲು ನಡೆಸುತ್ತಿದ್ದವರು. ಹುಡುಗ ಊರಿನ ಕುಣಿತಗಳಿಗೆ ಪಿಟೀಲು ನುಡಿಸುತ್ತಲೇ ಬೆಳೆದ. ಪ್ರಾಗ್‌ಗೆ ಹೋದ ಮೇಲೂ ಹೊಟ್ಟೆಪಾಡಿಗೆ ಸೇರಿದ್ದು ಕುಣಿತದ ವಾದ್ಯವೃಂದವನ್ನೇ.

ಪ್ರಶ್ನೆ: ಮೊದಲ ಕುಣಿತಕ್ಕೆ ತಾಳ ಹಾಕಲು ಹೋದರೆ ಪ್ರತಿ ಸಲವೂ ತಪ್ಪುತ್ತದೆ. ನಾನು ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಅಲ್ಲಿ ನಡೆಯುತ್ತಿರುವುದೇನು?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಕೇಳುಗರು ತಪ್ಪಲಿ ಎಂದೇ ಅದನ್ನು ಹಾಗೆ ಕಟ್ಟಿದ್ದಾರೆ! ಅದು ‘ಫುರಿಯಾಂಟ್’, ಚೆಕ್ ರೈತರ ಬಿರುಸಿನ, ಸೊಕ್ಕಿನ ಕುಣಿತ. ಮೂರರ ಎಣಿಕೆಯಲ್ಲೇ ಬರೆದಿರುತ್ತಾರೆ, ಆದರೆ ಒತ್ತು ಬೇರೆ ಕಡೆ ಬೀಳುತ್ತದೆ: ಎರಡು, ಎರಡು, ಎರಡು, ಆಮೇಲೆ ಮೂರು, ಮೂರು. ಒಟ್ಟು 12 ಎಣಿಕೆ. ನಿಮಗೆ ಇದು ಕಷ್ಟವಾಗಬಾರದು. ರೂಪಕ ತಾಳದ ಎರಡು ಆವರ್ತ ಹಾಕಿಕೊಳ್ಳಿ. ಮೊದಲ ಆರು ಅಕ್ಷರಗಳನ್ನು ಮೂರು ಪಾಲಾಗಿ, ಮುಂದಿನ ಆರನ್ನು ಎರಡು ಪಾಲಾಗಿ ಒಡೆಯಿರಿ. ಕೈಯ ಲೆಕ್ಕ ಕದಲುವುದಿಲ್ಲ, ಒತ್ತು ಮಾತ್ರ ಹಾರುತ್ತದೆ. ಕಾಲು ಒಂದು ಹೇಳುತ್ತಿರುವಾಗ ಕಿವಿ ಇನ್ನೊಂದು ಹೇಳುವ ಈ ಜಗಳದಲ್ಲೇ ಫುರಿಯಾಂಟಿನ ಜೀವವಿದೆ. ಎಂಟನೆಯ ಕುಣಿತದಲ್ಲೂ ಇದೇ ಕಟ್ಟು, ಅಲ್ಲಿ ಇನ್ನಷ್ಟು ಉಗ್ರವಾಗಿ. ದ್ವೊರ್ಝಾಕ್ 1880ರ ತಮ್ಮ ಆರನೆಯ ಸಿಂಫನಿಯಲ್ಲಿ ಮೂರನೆಯ ಭಾಗಕ್ಕೆ ‘ಫುರಿಯಾಂಟ್’ ಎಂದೇ ಹೆಸರಿಟ್ಟರು. ವಿಯೆನ್ನಾದ ಫಿಲ್ಹಾರ್ಮೋನಿಕ್‌ಗಾಗಿ ಬರೆದ ಸಿಂಫನಿಯ ನಡುಮಧ್ಯೆ ಚೆಕ್ ರೈತರ ಕುಣಿತ! ನನ್ನ ಮಟ್ಟಿಗೆ ಯಾವ ಘೋಷಣೆಗಿಂತಲೂ ದೊಡ್ಡ ಧೈರ್ಯ ಅದು. ವಿಯೆನ್ನಾ ಮುಂದೂಡುತ್ತಲೇ ಹೋಯಿತು. ಕೊನೆಗೆ 1881ರಲ್ಲಿ ಅದು ಮೊದಲು ಕೇಳಿಸಿದ್ದು ಪ್ರಾಗ್‌ನಲ್ಲಿ.

ಪ್ರಶ್ನೆ: ಚೆಕ್ ಕುಣಿತಗಳಾದರೆ ‘ಸ್ಲಾವ್’ ಎಂದು ಕರೆದದ್ದೇಕೆ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಮೊದಲ ಸಂಪುಟದಲ್ಲಿ ಫುರಿಯಾಂಟ್, ಪೋಲ್ಕಾ, ಸ್ಕೋಚ್ನಾ ಎಲ್ಲವೂ ಬೊಹೀಮಿಯಾದವೇ. ಎರಡನೆಯ ಕುಣಿತ ಮಾತ್ರ ‘ದೂಮ್ಕಾ’, ಉಕ್ರೇನಿನ ಮೂಲದ ವಿಷಾದದ ಪ್ರಕಾರ. 1886ರ ಎರಡನೆಯ ಸಂಪುಟದಲ್ಲಿ ಸ್ಲೊವಾಕರ ಒದ್ಝೆಮೆಕ್, ಸರ್ಬರ ಕೋಲೊ ಬರುತ್ತವೆ. ಮಾರಾಟಕ್ಕೆ ಆ ಹೆಸರು ಅನುಕೂಲವಾಗಿತ್ತು, ನಿಜ. ಆದರೆ ಹಾಬ್ಸ್‌ಬರ್ಗ್ ಸಾಮ್ರಾಜ್ಯದಲ್ಲಿ ಜರ್ಮನ್ ಭಾಷೆಯ ಕೆಳಗೆ ಬದುಕುತ್ತಿದ್ದ ಚೆಕ್ಕರಿಗೆ, ನಮ್ಮ ಬಳಗ ದೊಡ್ಡದು ಎಂದು ಹೇಳಿಕೊಳ್ಳುವುದು ರಾಜಕೀಯವೂ ಆಗಿತ್ತು. 1848ರಲ್ಲಿ ಪ್ರಾಗ್‌ನಲ್ಲೇ ಸ್ಲಾವ್ ಸಮ್ಮೇಳನ ನಡೆದಿತ್ತು. ದ್ವೊರ್ಝಾಕ್ ಭಾಷಣ ಮಾಡುವವರಲ್ಲ. ಆದರೆ ಪುಸ್ತಕದ ಮೇಲೆ ತಮ್ಮ ಹೆಸರನ್ನು ಜರ್ಮನ್ ರೂಪದಲ್ಲಿ ‘ಆಂಟನ್’ ಎಂದು ಅಚ್ಚು ಮಾಡಿದ್ದಕ್ಕೆ ಝಿಮ್ರಾಕ್‌ನೊಂದಿಗೆ ಪಟ್ಟುಹಿಡಿದು ವಾದಿಸಿದರು.

ಪ್ರಶ್ನೆ: ಚೆಕ್ ಸಂಯೋಜಕ ಸ್ಮೆತನಾರ ‘ವ್ಲತಾವಾ’ದ ಧಾಟಿ ಇಟಲಿಯದಂತೆ. ಹಾಗಿದ್ದೂ ಅದು ರಾಷ್ಟ್ರೀಯ ಸಂಗೀತವೇ?
— ಓದುಗರು, ಬೆಂಗಳೂರು

ಉತ್ತರ: ಖಂಡಿತ. 1874ರ ಆ ನದಿಗೀತದ ಮುಖ್ಯ ಧಾಟಿ, ಯುರೋಪಿನಲ್ಲೆಲ್ಲ ಅಲೆದಾಡಿದ ‘ಲಾ ಮಾಂತೊವಾನಾ’ ಎಂಬ ಹಳೆಯ ಇಟಾಲಿಯನ್ ಹಾಡಿಗೆ ಹತ್ತಿರವಿದೆ. ಸ್ಮೆತನಾ ಓದಿದ್ದೂ ಜರ್ಮನ್ ಭಾಷೆಯಲ್ಲಿ, ಚೆಕ್ ಬರೆಯಲು ಪಳಗಿದ್ದು ದೊಡ್ಡವರಾದ ಮೇಲೆ. ಆದರೆ ನದಿ ಹಳ್ಳಿಯೊಂದರ ಮದುವೆಯ ಪಕ್ಕ ಹರಿಯುವಾಗ ಆರ್ಕೆಸ್ಟ್ರಾ ಪೋಲ್ಕಾಕ್ಕೆ ತಿರುಗುವುದನ್ನು ಕೇಳಿ. ಆ ತಿರುವನ್ನು ಬೊಹೀಮಿಯಾದವರು ಮಾತ್ರ ಬರೆಯಬಲ್ಲರು. ಧಾಟಿ ಎಲ್ಲಿಂದಲಾದರೂ ಬರಬಹುದು, ಹೆಜ್ಜೆ ಊರಿನದೇ ಆಗಬೇಕು.

ಸ್ಲಾವ್ ಕುಣಿತಗಳನ್ನು ಹೊಸದಾಗಿ ಕೇಳಲು ಹೊರಟವರು ಚೆಕ್ ಫಿಲ್ಹಾರ್ಮೋನಿಕ್ ನುಡಿಸಿ ವಾತ್ಸ್ಲಾವ್ ತಾಲಿಖ್ ನಿರ್ದೇಶಿಸಿದ ಹಳೆಯ ಧ್ವನಿಮುದ್ರಿಕೆಯಿಂದ ಆರಂಭಿಸಿ. ಸದ್ದು ಮಸುಕು, ಲಯ ಅಪ್ಪಟ. ಎಂಟನೆಯ ಕುಣಿತಕ್ಕೆ ತಾಳ ಹಾಕಿ ನೋಡಿ, ಏನಾಯಿತೆಂದು ಬರೆಯಿರಿ.