ಮಳೆಯ ಏರಿಳಿತದಿಂದ ಹವಾಗುಣವನ್ನು ಅರಿಯುವ ಬಗೆ

2018ರ ಮುಂಗಾರಿನಲ್ಲಿ ಕೇರಳದಲ್ಲಿ ವಾಡಿಕೆಗಿಂತ ಶೇಕಡಾ 23ರಷ್ಟು ಹೆಚ್ಚು ಮಳೆ ಸುರಿದು ಮಹಾಪ್ರವಾಹವಾಯಿತು. 2023ರಲ್ಲಿ ಶೇಕಡಾ 34ರಷ್ಟು ಕೊರತೆಯುಂಟಾಯಿತು. ಎರಡು ಸಲವೂ ಕಾರಡ್ಕದ ಅಡಿಕೆ ತೋಟಗಳಲ್ಲಿ ನಾನು ಕೇಳಿದ ಮಾತು ಒಂದೇ: ‘ಕಾಲ ಕೆಟ್ಟಿತು.’ ಇದರಲ್ಲಿ ಪ್ರಕೃತಿಯ ಸಹಜ ಏರಿಳಿತವೆಷ್ಟು, ನಿಜವಾದ ಬದಲಾವಣೆಯೆಷ್ಟು? ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿಯೂ ಪಾಠವೇ ಎಂದು ಹಳೆಯ ವಿದ್ಯಾರ್ಥಿಗಳು ನಗಬಾರದು.

1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಮೂಲತಃ ಗಣಿತಜ್ಞರು. ಮುಂಗಾರು ಏಕೆ ಕೈಕೊಡುತ್ತದೆಂದು ತಿಳಿಯಲು ಅವರು ಜಗತ್ತಿನ ನಾನಾ ಕಡೆಯ ದಾಖಲೆಗಳನ್ನು ಹೋಲಿಸಿದರು. ಶಾಂತಸಾಗರದ ಮೇಲೆ ವಾಯುವಿನ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ. ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ. ಶಾಂತಸಾಗರದ ನೀರು ಬೆಚ್ಚಗಾಗುವ ‘ಎಲ್ ನಿನೊ’ ಈ ತೂಗಾಟದ ಜೊತೆಗಾರನೆಂದು ಅನಂತರ ಗೊತ್ತಾಯಿತು. 2002, 2009, 2015ರಲ್ಲಿ ಮುಂಗಾರನ್ನು ಕುಂದಿಸಿದ್ದು ಇದೇ. ಆದರೆ 1997ರಲ್ಲಿ ಪ್ರಬಲ ಎಲ್ ನಿನೊ ಇದ್ದರೂ ದೇಶದ ಮಳೆ ಸೋಲಲಿಲ್ಲ. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ, ಪೂರ್ವ ಭಾಗ ತಣ್ಣಗಿತ್ತು. ಈ ಎರಡನೆಯ ತೂಗಾಟವನ್ನು ವಿಜ್ಞಾನಿಗಳು ಗುರುತಿಸಿದ್ದು 1999ರಲ್ಲಿ.

ಭೂಮಿಯನ್ನು ಪ್ರಯೋಗಶಾಲೆಯಲ್ಲಿಟ್ಟು ಕಾಯಿಸಿ ನೋಡಲಾಗದು. ಪ್ರಕೃತಿಯೇ ಒಮ್ಮೊಮ್ಮೆ ಪ್ರಯೋಗ ಮಾಡಿ ತೋರಿಸುತ್ತದೆ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ, ಜಗತ್ತು ಸುಮಾರು ಅರ್ಧ ಡಿಗ್ರಿ ತಣಿಯುವುದೆಂದು ವಿಜ್ಞಾನಿಗಳು ಲೆಕ್ಕ ಹಾಕಿ ಮೊದಲೇ ಹೇಳಿದರು. 1992ರಲ್ಲಿ ಹಾಗೆಯೇ ಆಯಿತು. ಗಾಳಿಯಲ್ಲಿನ ನೀರಾವಿಯೂ ಲೆಕ್ಕದಂತೆ ಕಡಿಮೆಯಾಯಿತು. ತಣಿಯುವಿಕೆಯಲ್ಲಿ ಸರಿಯಾದ ಸೂತ್ರವನ್ನು ಕಾಯುವಿಕೆಯಲ್ಲಿಯೂ ನಂಬಲು ಆಧಾರ ದೊರೆಯಿತು.

ಇನ್ನು ಬೇರ್ಪಡಿಸುವ ಕ್ರಮ. ಎಲ್ ನಿನೊ ವರ್ಷವನ್ನು ಎಲ್ ನಿನೊ ವರ್ಷದೊಡನೆಯೇ ಹೋಲಿಸಬೇಕು. 1998 ತನ್ನ ಕಾಲಕ್ಕೆ ಅತ್ಯಂತ ಬಿಸಿಯ ವರ್ಷ. 2016 ಅದನ್ನು ಮೀರಿತು, 2024 ಅದನ್ನೂ ಮೀರಿತು. ಅಷ್ಟೇ ಅಲ್ಲ, ಸಾಗರ ತಣ್ಣಗಿದ್ದ 2022 ಕೂಡ 1998ಕ್ಕಿಂತ ಬಿಸಿಯಾಗಿತ್ತು. ಇಲ್ಲಿ ಏರಿಳಿತದ ನೆಪ ಹೇಳಲು ಎಡೆಯಿಲ್ಲ.

ನಮ್ಮೂರಿನಲ್ಲಿ ಈ ವಿವೇಚನೆ ಬೇಕಾಗುವುದು ನೀರಿನ ವಿಷಯದಲ್ಲಿ. ಒಂದು ಬರಕ್ಕೆ ಹೆದರಿ ಕೊಳವೆಬಾವಿ ಕೊರೆಸಿದ ಜಾಗದ ನೆರೆಯಲ್ಲಿ, ತಲೆಮಾರುಗಳಿಂದ ಹರಿಯುತ್ತಿದ್ದ ಸುರಂಗ ಬತ್ತಿದ್ದನ್ನು ಕಂಡಿದ್ದೇನೆ. ಒಂದು ವರ್ಷದ ಕೊರತೆಗೆ ಶಾಶ್ವತ ಉಪಾಯ ಹೂಡುವ ಮೊದಲು ಮೂವತ್ತು ವರ್ಷಗಳ ಲೆಕ್ಕ ನೋಡಬೇಡವೇ? ಸುರಂಗದ ನೀರು ಯಾವ ತಿಂಗಳು ಕ್ಷೀಣಿಸಿತು, ಮಹಾಳಿಗೆ ಬೋರ್ಡೋ ಮದ್ದು ಎಂದು ಸಿಂಪಡಿಸಿದೆವು ಎಂದು ಹಿರಿಯರು ಬರೆದಿಟ್ಟ ಲೆಕ್ಕಪುಸ್ತಕಗಳು ಕೆಲವರ ಮನೆಯ ಅಟ್ಟದಲ್ಲಿ ಇರಬಹುದು. ಗೆದ್ದಲು ಹಿಡಿಯುವ ಮುನ್ನ ಅವುಗಳ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ತಲುಪಿಸಿದರೆ, ವರ್ಷಗಳನ್ನು ಹೋಲಿಸಿ ನೋಡುವ ಕೆಲಸವನ್ನು ಮೇಲಿನ ತರಗತಿಗಳ ಮಕ್ಕಳೇ ಮಾಡಬಲ್ಲರು.