ಪಿಂಚಣಿ ಕಾಗದ ಓದೋಣ

ನಮ್ಮ ಊರ್ಡಿಗೆರೆ ಹೋಬಳಿಯಲ್ಲಿ ಪಿಂಚಣಿ ಅಂದರೆ ಎಲ್ಲರಿಗೂ ನಾಡಕಚೇರಿ ನೆನಪಾಗುತ್ತದೆ. ವಯಸ್ಸಾದವರು, ವಿಧವೆಯರು ಅಲ್ಲಿ ಅರ್ಜಿ ಕೊಡುತ್ತಾರೆ. ಸಂಧ್ಯಾ ಸುರಕ್ಷಾ, ವಿಧವಾ ವೇತನ ಎಲ್ಲ ಆ ಕಡೆಯವು. ಅದು ಕಷ್ಟದಲ್ಲಿರುವವರಿಗೆ ಸರ್ಕಾರ ಕೊಡುವ ನೆರವು. ಈ ಪಾಠದಲ್ಲಿ ನಾವು ಓದುವುದು ಬೇರೆ ಪಿಂಚಣಿ. ರಾಜ್ಯ ಸರ್ಕಾರದ ಕೆಲಸ ಮಾಡಿ ನಿವೃತ್ತರಾದವರಿಗೆ ಬರುವ ಪಿಂಚಣಿ. ಅವರು ತೀರಿಕೊಂಡರೆ ಮನೆಯವರಿಗೆ ಬರುವ ಕುಟುಂಬ ಪಿಂಚಣಿ. ಇದಕ್ಕೆ ನಾಡಕಚೇರಿಗೆ ಹೋಗಿ ಕೂತರೆ ಕೆಲಸ ಆಗುವುದಿಲ್ಲ. ಇದರ ದಾರಿಯೇ ಬೇರೆ.

"ಅದು ದೊಡ್ಡ ಆಫೀಸರುಗಳ ಮಾತು, ನಮಗ್ಯಾಕೆ ಮೇಷ್ಟ್ರೇ?" ಅಂತ ಕೇಳುವವರಿದ್ದಾರೆ. ಹಾಗಲ್ಲ. ಸರ್ಕಾರಿ ಶಾಲೆಯ ಜವಾನ, ಆಸ್ಪತ್ರೆಯ ಆಯಾ, ದೇವರಾಯನದುರ್ಗದ ಕಾಡು ಕಾಯುವ ಗಾರ್ಡು, ಪೊಲೀಸ್ ಪೇದೆ, ಇವರೆಲ್ಲ ಸರ್ಕಾರಿ ನೌಕರರೇ. ಬಸ್ಸಿನ ಕಂಡಕ್ಟರು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅವರು ಸಾರಿಗೆ ನಿಗಮದವರು. ಅವರದು ಭವಿಷ್ಯ ನಿಧಿಯ ಲೆಕ್ಕ.

ಪಿಂಚಣಿ ಯಾರೂ ಕೊಡುವ ದಾನ ಅಲ್ಲ. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ನಕಾರಾ ಅನ್ನುವವರ ಮೊಕದ್ದಮೆಯಲ್ಲಿ ಇದನ್ನೇ ಹೇಳಿತು. ಪಿಂಚಣಿ ದೊರೆಯ ಕೃಪೆ ಅಲ್ಲ, ಮಾಡಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದಿತು. ಅದಕ್ಕೇ ನಿವೃತ್ತರು ಡಿಸೆಂಬರ್ 17ನ್ನು ಪಿಂಚಣಿದಾರರ ದಿನ ಅಂತ ಆಚರಿಸುತ್ತಾರೆ.

ಹಕ್ಕು ಇದ್ದರೂ ಅದು ಕಾಗದದ ಮೇಲೆ ನಡೆದು ಬರುತ್ತದೆ. ಹೇಗೆ ಬರುತ್ತದೆ ನೋಡೋಣ.

ಕೆಲಸಕ್ಕೆ ಸೇರಿದ ದಿನವೇ ನೌಕರರ ಹೆಸರಲ್ಲಿ ಒಂದು ಪುಸ್ತಕ ಶುರುವಾಗುತ್ತದೆ. ಅದರ ಹೆಸರು ಸೇವಾ ಪುಸ್ತಕ. ಆಫೀಸಿನಲ್ಲಿ ಎಸ್.ಆರ್. ಅನ್ನುತ್ತಾರೆ. ಹುಟ್ಟಿದ ತಾರೀಖು, ಸಂಬಳ, ರಜೆ, ವರ್ಗಾವಣೆ ಎಲ್ಲ ಅದರಲ್ಲಿ ಬರೆಯುತ್ತಾರೆ. ನಿವೃತ್ತಿ ಹತ್ತಿರ ಬಂದಾಗ ಕೆಲಸ ಮಾಡುವ ಕಚೇರಿಯವರು ಈ ಪುಸ್ತಕ ನೋಡಿ ಪಿಂಚಣಿ ಕಾಗದ ತಯಾರು ಮಾಡುತ್ತಾರೆ. ಗಂಡ ಹೆಂಡತಿ ಜೊತೆಗೆ ಕೂತು ತೆಗೆಸಿದ ಫೋಟೊ ಕೇಳುತ್ತಾರೆ. ಕಾಗದ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿ ಮಹಾಲೇಖಪಾಲರ ಕಚೇರಿ ಇದೆ. ಜನ ಅದನ್ನು ಏ.ಜಿ. ಆಫೀಸು ಅನ್ನುತ್ತಾರೆ. ಅದು ರಾಜ್ಯ ಸರ್ಕಾರದ ಕೈಕೆಳಗಿನ ಕಚೇರಿ ಅಲ್ಲ. ದೇಶದ ಲೆಕ್ಕ ನೋಡುವವರ ಕಚೇರಿ. ಸೇವೆ ಎಷ್ಟು, ಕೊನೆಯ ಸಂಬಳ ಎಷ್ಟು ಎಂದು ಅವರು ಇನ್ನೊಮ್ಮೆ ತಾಳೆ ನೋಡುತ್ತಾರೆ. ಸರಿ ಇದ್ದರೆ ಪಿಂಚಣಿ ಪಾವತಿ ಆದೇಶ ಹೊರಡಿಸುತ್ತಾರೆ. ಅದೇ ಪಿ.ಪಿ.ಓ. ಅದು ತುಮಕೂರಿನ ಖಜಾನೆಗೆ ಬರುತ್ತದೆ. ಅಲ್ಲಿಂದ ನಿಮ್ಮ ಬ್ಯಾಂಕಿಗೆ.

ಹತ್ತು ವರ್ಷವಾದರೂ ಸೇವೆ ಆಗಿದ್ದರೆ ಮಾತ್ರ ತಿಂಗಳ ಪಿಂಚಣಿ. ಪೂರ್ತಿ ಸೇವೆ ಮಾಡಿದವರಿಗೆ ಕೊನೆಯ ಮೂಲ ವೇತನದ ಅರ್ಧ. ಅದರ ಮೇಲೆ ತುಟ್ಟಿಭತ್ಯೆ. ನೌಕರರು ತೀರಿಕೊಂಡರೆ ಹೆಂಡತಿಗೆ ಅಥವಾ ಗಂಡನಿಗೆ ಸಾಮಾನ್ಯವಾಗಿ ಕೊನೆಯ ಮೂಲ ವೇತನದಲ್ಲಿ ನೂರಕ್ಕೆ 30 ರೂಪಾಯಿಯಂತೆ ಕುಟುಂಬ ಪಿಂಚಣಿ.

ಈಗ ತೊಡಕು ಎಲ್ಲಿ ಆಗುತ್ತದೆ ನೋಡಿ. ಒಬ್ಬ ಹೆಂಗಸು ಇದ್ದಾರೆ ಅಂದುಕೊಳ್ಳಿ. ಊರಲ್ಲಿ ಎಲ್ಲರೂ ರಂಗಮ್ಮ ಅಂತ ಕರೆಯುತ್ತಾರೆ. ಗಂಡ ಜವಾನರಾಗಿದ್ದರು. ಅವರು ಕಚೇರಿಯಲ್ಲಿ ಹೆಂಡತಿಯ ಹೆಸರು ರಂಗಲಕ್ಷ್ಮಮ್ಮ ಅಂತ ಬರೆಸಿದ್ದರು. ಆಧಾರ್ ಮಾಡಿಸುವಾಗ ಹುಡುಗ "ಲಕ್ಷ್ಮಮ್ಮ" ಅಂತ ಒತ್ತಿಬಿಟ್ಟ. ರೇಷನ್ ಕಾರ್ಡಿನಲ್ಲಿ ರಂಗಮ್ಮ ಕೋಂ ಇಂಥವರು. ಬ್ಯಾಂಕಿನಲ್ಲಿ ಆಧಾರ್ ನೋಡಿ ಲಕ್ಷ್ಮಮ್ಮ. ಗಂಡ ಇರುವ ತನಕ ಇದರಿಂದ ಏನೂ ಆಗಲಿಲ್ಲ. ಅವರು ಹೋದ ಮೇಲೆ ಮೂರು ಹೆಸರೂ ಎದ್ದು ನಿಂತವು. "ಇವರಲ್ಲಿ ಹೆಂಡತಿ ಯಾರಮ್ಮ?" ಅಂತ ಕೌಂಟರಿನವರು ಕೇಳಿದರು. ರಂಗಮ್ಮ ಏನು ಹೇಳಬೇಕು? ಮೂವರೂ ಅವರೇ!

ಇಂಥದು ಸರಿಮಾಡಲು ಅಫಿಡವಿಟ್ಟು ಬೇಕು, ಗುರುತಿನ ಕಾಗದ ಬೇಕು, ಓಡಾಟ ಬೇಕು. ತಿಂಗಳುಗಟ್ಟಲೆ ಹಣ ಬರುವುದಿಲ್ಲ. ಮನೆಯಲ್ಲಿ ದುಡಿಯುವವರಿಲ್ಲದ ಸಮಯದಲ್ಲೇ ಹೀಗಾಗುತ್ತದೆ. ಅಂಗಡಿಯಲ್ಲಿ ಸಾಲ ಏರುತ್ತದೆ. ಆಗಲೇ ಒಬ್ಬ ಬಂದು "ಇಷ್ಟು ಕೊಡಿ, ನಾನು ಮಾಡಿಸಿಕೊಡ್ತೀನಿ" ಅನ್ನುತ್ತಾನೆ. ಕೊಡಬೇಡಿ. ಪಿಂಚಣಿಗೆ ಯಾವ ದಲ್ಲಾಳಿಯೂ ಬೇಕಾಗಿಲ್ಲ. ನೌಕರರು ಕೆಲಸ ಮಾಡಿದ ಕಚೇರಿಯ ಮುಖ್ಯಸ್ಥರಿಗೇ ಬರೆದು ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ.

ಆದ್ದರಿಂದ ಮನೆಯಲ್ಲಿ ನೌಕರರು ಇದ್ದರೆ ಇವತ್ತೇ ಕೇಳಿ. "ಏನ್ರೀ, ನಿಮ್ಮ ಪುಸ್ತಕದಲ್ಲಿ ನನ್ನ ಹೆಸರು ಹೇಗೆ ಬರೆಸಿದೀರ?" ಅಂತ ಕೇಳುವುದಕ್ಕೆ ಸಂಕೋಚ ಯಾಕೆ? ಆಧಾರ್, ಬ್ಯಾಂಕ್ ಪುಸ್ತಕ ಎರಡನ್ನೂ ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ತಪ್ಪಿದ್ದರೆ ಅವರು ಕೆಲಸದಲ್ಲಿ ಇರುವಾಗಲೇ ತಿದ್ದಿಸುವುದು ಸುಲಭ. ನಾಮನಿರ್ದೇಶನದ ಹಾಳೆಯನ್ನೂ ನೋಡಿ. ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿ, ಆಮೇಲೆ ಮರೆತವರು ಬಹಳ ಮಂದಿ.

ಹುಟ್ಟಿದ ತಾರೀಖಿನ ವಿಷಯ ಇನ್ನೊಂದು. ನಮ್ಮ ಕಡೆ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1! ಶಾಲೆಗೆ ಸೇರಿಸುವಾಗ ತಾರೀಖು ಗೊತ್ತಿಲ್ಲದಿದ್ದರೆ ಮೇಷ್ಟ್ರು ಹಾಗೇ ಬರೆದುಕೊಳ್ಳುತ್ತಿದ್ದರು. ಸರ್ಕಾರಿ ಕೆಲಸದ ನಿವೃತ್ತಿ ವಯಸ್ಸು ಮುಂಚೆ 58 ಇತ್ತು. 2008ರಲ್ಲಿ 60 ಆಯಿತು. 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಆದರೆ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಹೊರಗೆ ಬರಬೇಕು. ಜೂನ್ 1ರವರು ಮೇ 31ಕ್ಕೆ. ಮೇಷ್ಟ್ರು ಜೂನ್ 2 ಅಂತ ಬರೆದಿದ್ದರೆ ಒಂದು ತಿಂಗಳ ಸಂಬಳ ಸಿಗುತ್ತಿತ್ತು! ತಿದ್ದಿಸೋಣ ಅಂದರೆ 1974ರ ಕಾಯ್ದೆ ಇದೆ. ಕೆಲಸಕ್ಕೆ ಸೇರಿದ ಮೂರು ವರ್ಷದ ಒಳಗೆ ಕೇಳಬೇಕು. ನಿವೃತ್ತಿ ಹತ್ತಿರ ಬಂದಾಗ ಕೇಳಿದರೆ ಆಗದು.

ಪಿಂಚಣಿ ಶುರುವಾದ ಮೇಲೂ ಒಂದು ಕೆಲಸ ಇರುತ್ತದೆ. ಪ್ರತಿ ವರ್ಷ ನವೆಂಬರಿನಲ್ಲಿ "ನಾನು ಬದುಕಿದ್ದೇನೆ" ಅಂತ ತೋರಿಸಬೇಕು. ಇದೇ ಜೀವಿತ ಪ್ರಮಾಣಪತ್ರ. ಕೊಡದೇ ಹೋದರೆ ಪಿಂಚಣಿ ನಿಲ್ಲುತ್ತದೆ. ಕೊಟ್ಟ ಮೇಲೆ ನಿಂತದ್ದೂ ಸೇರಿ ಬರುತ್ತದೆ. ಬ್ಯಾಂಕಿಗೆ ಹೋಗಿ ಕೊಡಬಹುದು. 2014ರಿಂದ ಆಧಾರ್ ಮೇಲೆ ಬೆರಳು ಒತ್ತಿ ಕೊಡುವ ಜೀವನ್ ಪ್ರಮಾಣ್ ಅನ್ನುವುದು ಬಂದಿದೆ. ಗದ್ದೆ ಕೆಲಸ ಮಾಡಿ ಬೆರಳಿನ ಗೆರೆ ಸವೆದಿದ್ದರೆ ಯಂತ್ರ ಹಿಡಿಯುವುದಿಲ್ಲ. ಆಗ ಬ್ಯಾಂಕಿನಲ್ಲಿ ಕಾಗದದ ಮೇಲೆ ಕೊಡಿ.

ಇಲ್ಲಿ ನಮ್ಮ ಕೇಂದ್ರದ ಕಲಿಕೆಯವರು ಒಂದು ಮಾತು ಗಮನಿಸಬೇಕು. ಮುಂಚೆ ನೀವು ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿದ್ದಿರಿ. ಈಗ ಸಹಿ ಕಲಿತಿದ್ದೀರಿ. ಸಂತೋಷ. ಆದರೆ ಹೇಳದೆ ಕೇಳದೆ ಒಂದು ದಿನ ಸಹಿ ಹಾಕಿದರೆ ಬ್ಯಾಂಕಿನವರು ಒಪ್ಪುವುದಿಲ್ಲ. "ನಾನು ಸಹಿ ಕಲಿತಿದ್ದೇನೆ, ಹೆಬ್ಬೆಟ್ಟಿನ ಬದಲು ಸಹಿ ಬರೆದುಕೊಳ್ಳಿ" ಅಂತ ಮೊದಲು ಅರ್ಜಿ ಕೊಡಿ. ಮಾದರಿ ಸಹಿ ಮಾಡಿಕೊಡಿ. ಆಮೇಲೆ ಎಲ್ಲ ಕಡೆ ಅದೇ ಸಹಿ ಇರಲಿ. ಇವತ್ತು ಬಾಲ ಉದ್ದ, ನಾಳೆ ಗಿಡ್ಡ ಆಗಬಾರದು.

ಪಿಂಚಣಿ ಪಡೆಯುತ್ತಿದ್ದವರು ತೀರಿಕೊಂಡರೆ ಮರಣ ಪ್ರಮಾಣಪತ್ರ ಮಾಡಿಸಿ ಬ್ಯಾಂಕಿಗೆ ತಿಳಿಸಿ. ದುಃಖದಲ್ಲಿ ಮರೆತು, ಅವರ ಎ.ಟಿ.ಎಂ. ಕಾರ್ಡಿನಲ್ಲಿ ಹಣ ತೆಗೆಯುತ್ತಾ ಹೋದರೆ, ಹೆಚ್ಚಾಗಿ ಬಂದದ್ದನ್ನು ವಾಪಸು ಕಟ್ಟಬೇಕಾಗುತ್ತದೆ.

ಇಷ್ಟು ಹೊತ್ತು ಹೇಳಿದ್ದು ಹಳೆ ಪಿಂಚಣಿ. 2006ರ ಏಪ್ರಿಲ್ 1ರಿಂದ ಈಚೆಗೆ ಕೆಲಸಕ್ಕೆ ಸೇರಿದವರಿಗೆ ರಾಜ್ಯದಲ್ಲಿ ಹೊಸ ಪದ್ಧತಿ. ಅದಕ್ಕೆ ಎನ್.ಪಿ.ಎಸ್. ಅನ್ನುತ್ತಾರೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ ನೂರಕ್ಕೆ 10 ರೂಪಾಯಿ ಸಂಬಳದಲ್ಲೇ ಹಿಡಿಯುತ್ತಾರೆ. ಸರ್ಕಾರವೂ ತನ್ನ ಪಾಲು ಹಾಕುತ್ತದೆ. ಹಣ ಮಾರುಕಟ್ಟೆಯಲ್ಲಿ ಬೆಳೆಯಬೇಕು. ಕೊನೆಗೆ ತಿಂಗಳಿಗೆ ಎಷ್ಟು ಬರುತ್ತದೆ ಅಂತ ಮೊದಲೇ ಹೇಳಲಾಗದು. ಅದಕ್ಕೇ ನೌಕರರು ಹಳೆಯದೇ ಬೇಕು ಎಂದು ಹೋರಾಡಿದ್ದಾರೆ. ಅವರ ಭಯ ನಮಗೂ ಸಹಜ ಅನ್ನಿಸುತ್ತದೆ. 2006ಕ್ಕೆ ಮುಂಚೆಯೇ ನೇಮಕಾತಿಯ ಅಧಿಸೂಚನೆ ಆಗಿ, ಆಮೇಲೆ ಕೆಲಸಕ್ಕೆ ಸೇರಿದವರಿಗೆ ಹಳೆ ಪಿಂಚಣಿ ಕೊಡಲು 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಆದೇಶ ಮಾಡಿತು.

ಅಂಗನವಾಡಿ ಅಮ್ಮಂದಿರು, ಬಿಸಿಯೂಟದ ಅಡಿಗೆಯವರು ಸರ್ಕಾರದ ಕೆಲಸವನ್ನೇ ಮಾಡುತ್ತಾರೆ. ಆದರೆ ಅವರಿಗೆ ಬರುವುದು ಗೌರವಧನ. ಹಾಗಾಗಿ ಈ ಪಿಂಚಣಿ ಅವರಿಗಿಲ್ಲ. ಅಂಗನವಾಡಿಯವರಿಗೆ ಉಪದಾನ ಸಲ್ಲಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಉಪದಾನ ಅಂದರೆ ಕೆಲಸ ಬಿಡುವಾಗ ಒಂದೇ ಸಲ ಕೊಡುವ ಇಡಿಗಂಟು.

ಅಭ್ಯಾಸ

ಈ ಪದಗಳನ್ನು ಗಟ್ಟಿಯಾಗಿ ಓದಿ, ಎರಡು ಸಲ ಬರೆಯಿರಿ: ಖಜಾನೆ, ಸೇವಾ ಪುಸ್ತಕ, ಕುಟುಂಬ ಪಿಂಚಣಿ, ನಾಮನಿರ್ದೇಶನ, ಮಹಾಲೇಖಪಾಲರು.

ನಿಮ್ಮ ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪುಸ್ತಕ ತನ್ನಿ. ಮೂರರಲ್ಲೂ ನಿಮ್ಮ ಹೆಸರು ಹೇಗಿದೆಯೋ ಹಾಗೇ ಒಂದರ ಕೆಳಗೆ ಒಂದು ಬರೆಯಿರಿ.

ರಂಗಮ್ಮನವರ ಪರವಾಗಿ ಕಚೇರಿಯ ಮುಖ್ಯಸ್ಥರಿಗೆ ನಾಲ್ಕು ಸಾಲಿನ ಅರ್ಜಿ ಬರೆಯಿರಿ. ತಾರೀಖು ಹಾಕುವುದನ್ನು ಮರೆಯಬೇಡಿ.