ಪಲ್ಪರ್ ಒಳಗೊಂದು ನೇರಳೆ: ಮಳೆ ರಜೆಗೆ ಇಂಗ್ಲಿಷ್ ಅಕ್ಷರದಾಟ

ಜೋರು ಮಳೆ ಹಿಡಿದರೆ ಮೂಡಿಗೆರೆ, ಕಳಸದ ಕಡೆ ಶಾಲೆಗೆ ರಜೆ. ಕರೆಂಟು ಹೋಗಿರುತ್ತದೆ, ಮೊಬೈಲಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಅಂಥ ದಿನ ಮನೆಯಲ್ಲಿ ಒಂದೆರಡು ಹಳೆಯ ಮದುವೆ ಕಾಗದ, ಕತ್ತರಿ, ಪೆನ್ನು ಇದ್ದರೆ ಮಕ್ಕಳ ಜೊತೆ ಕೂತು ಆಡಬಹುದಾದ ಆಟವೊಂದಿದೆ. ದಪ್ಪ ಕಾಗದವನ್ನು ಬೆರಳಗಲದ ಚೌಕಗಳಾಗಿ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಇಂಗ್ಲಿಷ್ ಅಕ್ಷರ ಬರೆಯಿರಿ. ಒಂದು ಪದದ ಅಕ್ಷರಗಳನ್ನು ಕಲಸಿ ಮಗುವಿನ ಮುಂದಿಡಿ. ಮಗು ಅದನ್ನು ಜೋಡಿಸಿ ಪದ ಹೇಳಬೇಕು, ಅರ್ಥವನ್ನೂ ಹೇಳಬೇಕು.

ಯಾವ ಅಕ್ಷರ ಎಷ್ಟು ಬೇಕು? ಸ್ಕ್ರ್ಯಾಬಲ್ ಆಟವನ್ನು ರೂಪಿಸಿದ ಅಮೆರಿಕದ ಆಲ್ಫ್ರೆಡ್ ಬಟ್ಸ್ ಇದೇ ಪ್ರಶ್ನೆಗೆ ಪತ್ರಿಕೆಗಳ ಪುಟದಲ್ಲಿ ಅಕ್ಷರಗಳನ್ನು ಎಣಿಸಿ ಉತ್ತರ ಕಂಡುಕೊಂಡರು. ಆ ಆಟದ 100 ಬಿಲ್ಲೆಗಳಲ್ಲಿ ‘ಇ’ 12 ಇವೆ, ‘ಎ’ ಮತ್ತು ‘ಐ’ ತಲಾ 9, ‘ಒ’ 8. ‘ಕ್ಯೂ’, ‘ಝಡ್’, ‘ಜೆ’, ‘ಎಕ್ಸ್’ ಒಂದೊಂದೇ. ನೀವೂ ‘ಇ’ ಚೌಕವನ್ನು ಧಾರಾಳವಾಗಿ ಮಾಡಿಕೊಳ್ಳಿ.

ಪದಗಳನ್ನು ಮಾತ್ರ ತೋಟದಿಂದಲೇ ಆರಿಸಿ. ಇದು ನಾನು ಒತ್ತಿ ಹೇಳುವ ಮಾತು. ಕಾಫಿ ಸೀಮೆಯ ಮಗುವಿನ ಕಿವಿಯಲ್ಲಿ ಎಸ್ಟೇಟು, ಲೈನು, ರೈಟರು, ಪಲ್ಪರು, ಚೆರ್ರಿ, ಪಾರ್ಚ್‌ಮೆಂಟು, ಸ್ಪ್ರಿಂಕ್ಲರು ಎಲ್ಲವೂ ಆಗಲೇ ಇವೆ. ತನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಹೆದರುವ ಮಗುವಿಗೂ ಇವು ಬರುತ್ತವೆ. ಬರದೇ ಇರುವುದು ಸ್ಪೆಲ್ಲಿಂಗ್ ಮಾತ್ರ.

ಸ್ಪೆಲ್ಲಿಂಗ್ ಏಕೆ ತೊಡಕು ಅನ್ನುವುದನ್ನು ಮೊದಲೇ ಬಿಡಿಸಿ ಹೇಳಿಬಿಡಿ. ಕನ್ನಡದಲ್ಲಿ ‘ಕಾಫಿ’ ಎರಡೇ ಅಕ್ಷರ, ನುಡಿದಂತೆ ಬರೆದರಾಯಿತು. ಇಂಗ್ಲಿಷಿನಲ್ಲಿ ಅದಕ್ಕೆ ಆರು ಅಕ್ಷರ, ಅದರಲ್ಲಿ ‘ಎಫ್’ ಎರಡು, ‘ಇ’ ಎರಡು. ‘ಪಲ್ಪರ್’ ಎನ್ನುವಾಗ ಕಿವಿಗೆ ಬೀಳುವುದು ‘ಪ’, ಬರೆಯುವುದು ‘ಪಿ’ ಜೊತೆಗೆ ‘ಯು’. ‘ರೈಟರ್’ ಅಂತೂ ‘ಡಬ್ಲ್ಯು’ನಿಂದ ಶುರುವಾಗುತ್ತದೆ, ಆ ಅಕ್ಷರ ಬಾಯಲ್ಲಿ ಬರುವುದೇ ಇಲ್ಲ. ಆದ್ದರಿಂದ ಕಿವಿಯ ಜೊತೆಗೆ ಕಣ್ಣನ್ನೂ ಪಳಗಿಸಬೇಕು.

ಈಗ ಆಟ. ಎಲ್, ಆರ್, ಪಿ, ಇ, ಯು, ಪಿ ಎಂಬ ಆರು ಚೌಕಗಳನ್ನು ಇಡಿ. ಸಾಲಾಗಿ ಇಡಬೇಡಿ, ದುಂಡಗೆ ಇಡಿ. ಸಾಲಾಗಿದ್ದರೆ ಕಣ್ಣು ಆ ತಪ್ಪು ಪದವನ್ನೇ ಓದುತ್ತಾ ಕೂರುತ್ತದೆ. ಒಂದೊಂದೇ ಬರೆದು ನೋಡೋಣವೆಂದರೆ ಈ ಆರನ್ನು 360 ಬಗೆಯಲ್ಲಿ ಜೋಡಿಸಬಹುದು. ‘ಪಿ’ ಎರಡು ಸಲ ಬಂದಿರುವುದರಿಂದ ಇಷ್ಟು, ಆರೂ ಬೇರೆಬೇರೆ ಆಗಿದ್ದರೆ 720. ಹಾಗಾಗಿ ದಾರಿ ಬೇರೆ ಹಿಡಿಯಬೇಕು.

ಮೊದಲು ಸ್ವರಗಳನ್ನು ಬೇರೆ ಮಾಡಿ: ‘ಯು’ ಮತ್ತು ‘ಇ’. ಉಳಿದವು ವ್ಯಂಜನ. ಆಮೇಲೆ ಪದದ ಬಾಲ ಹುಡುಕಿ. ಇಂಗ್ಲಿಷ್ ಪದಗಳಿಗೆ ಪದೇಪದೇ ಬರುವ ಬಾಲಗಳಿವೆ: ‘ಇ-ಆರ್’, ‘ಐ-ಎನ್-ಜಿ’, ‘ಇ-ಡಿ’, ‘ಎಲ್-ವೈ’, ‘ಎಲ್-ಇ’. ಇಲ್ಲಿ ‘ಇ-ಆರ್’ ಇದೆ, ಅದನ್ನು ಬಲಕ್ಕೆ ಸರಿಸಿ. ಉಳಿದದ್ದು ಪಿ, ಯು, ಎಲ್, ಪಿ. ಮಗು ‘ಪಲ್ಪ್’ ಎಂದು ಕೂಗುತ್ತದೆ. ಪಲ್ಪರ್ ಆಯಿತು.

ಅಲ್ಲಿಗೇ ನಿಲ್ಲಿಸಬೇಡಿ. ‘ಇ-ಆರ್’ ಬಿಟ್ಟು ‘ಎಲ್-ಇ’ಯನ್ನು ಬಾಲ ಮಾಡಿ. ಎದುರಿಗೆ ಉಳಿಯುವುದು ಪಿ, ಯು, ಆರ್, ಪಿ. ಕೂಡಿಸಿದರೆ ‘ಪರ್ಪಲ್’, ನೇರಳೆ ಬಣ್ಣ! ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದಲ್ಲಿ ಒಂದು ಬಣ್ಣ ಅಡಗಿ ಕೂತಿತ್ತು. ನೀವು ಪಲ್ಪರ್ ಮನಸ್ಸಿನಲ್ಲಿಟ್ಟುಕೊಂಡಿದ್ದಾಗ ಮಗು ಪರ್ಪಲ್ ಎಂದರೆ ದಯವಿಟ್ಟು ತಪ್ಪೆನ್ನಬೇಡಿ. ಎಲ್ಲ ಅಕ್ಷರಗಳೂ ಬಳಕೆಯಾಗಿ, ಪದಕ್ಕೆ ನಿಘಂಟಿನಲ್ಲಿ ಜಾಗವಿದ್ದರೆ ಉತ್ತರ ಸರಿಯೇ.

ಬಾಲ ಸಿಗದಿದ್ದರೆ ಜೊತೆಬಿಡದ ಜೋಡಿಗಳನ್ನು ನೋಡಿ. ‘ಎಚ್’ ಕಂಡರೆ ಹತ್ತಿರದಲ್ಲಿ ‘ಸಿ’, ‘ಎಸ್’ ಅಥವಾ ‘ಟಿ’ ಇದೆಯೇ? ‘ಕ್ಯೂ’ ಬಂದರೆ ಅದರ ಬೆನ್ನಿಗೆ ಬಹುಪಾಲು ‘ಯು’ ಇರುತ್ತದೆ. ‘ಕೆ’ ಮುಂಚೆ ‘ಸಿ’ ಬರಬಹುದು. ‘ಡಬ್ಲ್ಯು’ ಜೊತೆ ‘ಆರ್’ ಇದ್ದರೆ ‘ರೈಟರ್’ ನೆನಪಿಸಿ.

ದೊಡ್ಡ ಮಕ್ಕಳಿಗೆ ನನ್ನ ಮೆಚ್ಚಿನದು ಇದು: ಪಿ, ಎಲ್, ಎ, ಎನ್, ಟಿ, ಇ, ಆರ್. ‘ಇ-ಆರ್’ ಕೊನೆಗಿಟ್ಟರೆ ‘ಪ್ಲಾಂಟರ್’, ತೋಟಗಾರ. ಅದೇ ಎರಡು ಅಕ್ಷರಗಳನ್ನು ತಿರುಗಿಸಿ ‘ಆರ್-ಇ’ ಎಂದು ಮುಂದಕ್ಕಿಟ್ಟರೆ ‘ರೀಪ್ಲಾಂಟ್’, ಮತ್ತೆ ನೆಡು. ‘ಗ್ರೋವರ್’ ಕೂಡ ಹಾಗೆಯೇ, ಬೆಳೆಗಾರ. ತಿರುಗಿಸಿದರೆ ‘ರೀಗ್ರೋ’, ಮತ್ತೆ ಬೆಳೆ. ಕೊನೆಯ ‘ಇ-ಆರ್’ ಮಾಡುವವನನ್ನು ಹೇಳುತ್ತದೆ, ಮೊದಲಿನ ‘ಆರ್-ಇ’ ಮತ್ತೊಮ್ಮೆ ಎನ್ನುತ್ತದೆ. ಈ ಒಂದು ಗುಟ್ಟು ತಿಳಿದರೆ ಮಗು ಪಠ್ಯಪುಸ್ತಕದ ಎಷ್ಟೋ ಹೊಸ ಪದಗಳನ್ನು ತಾನೇ ಒಡೆದು ನೋಡುತ್ತದೆ.

ಪದ ಸಿಕ್ಕ ಮೇಲೆ ಅರ್ಥ. ಅರ್ಥವಿಲ್ಲದೆ ಅಂಕ ಕೊಡಬೇಡಿ. ಬೇಕಾದದ್ದು ಇಂಗ್ಲಿಷ್–ಕನ್ನಡ ನಿಘಂಟು. ಮೈಸೂರು ವಿಶ್ವವಿದ್ಯಾನಿಲಯದ್ದು ಆ ಬಗೆಯದು. 1894ರ ಕಿಟೆಲ್ ಕೋಶ ಕಪಾಟಿನಲ್ಲಿದ್ದರೂ ಈ ಕೆಲಸಕ್ಕೆ ಒದಗುವುದಿಲ್ಲ, ಅದು ಕನ್ನಡದಿಂದ ಇಂಗ್ಲಿಷಿಗೆ ಹೋಗುವಂಥದ್ದು. ಹುಡುಕುವ ಮುನ್ನ ಬಾಲ ಕಳಚಬೇಕು: ‘ಪಿಕ್ಡ್’ ಸಿಕ್ಕರೆ ‘ಪಿಕ್’ ನೋಡಬೇಕು.

ನಿಘಂಟು ಹೇಳುವುದೇ ಒಂದು, ತೋಟ ಹೇಳುವುದೇ ಇನ್ನೊಂದು ಆಗುವುದೂ ಉಂಟು. ‘ಪಾರ್ಚ್‌ಮೆಂಟ್’ ಎಂದರೆ ಕುರಿ, ಮೇಕೆಯ ಚರ್ಮ ಹದಮಾಡಿ ಬರೆಯಲು ಬಳಸುತ್ತಿದ್ದ ಹಾಳೆ. ನಮ್ಮಲ್ಲಿ ಅದು ಪಲ್ಪರಿಗೆ ಹಾಕಿ, ಲೋಳೆ ತೊಳೆದು, ತೆಳು ಕವಚದ ಸಮೇತ ಒಣಗಿಸಿದ ಕಾಫಿ. ‘ಚೆರ್ರಿ’ ಬೇರೆಯೇ ಒಂದು ಕೆಂಪು ಹಣ್ಣು. ನಮ್ಮಲ್ಲಿ ಇಡೀ ಹಣ್ಣನ್ನೇ ಕಣದಲ್ಲಿ ಒಣಗಿಸಿದ ಕಾಫಿ. 50 ಕೆ.ಜಿ. ಚೀಲದ ಧಾರಣೆ ಇವೆರಡಕ್ಕೂ ಬೇರೆಬೇರೆಯಾಗಿ ಬರುವುದನ್ನು ಪತ್ರಿಕೆಯಲ್ಲೇ ತೋರಿಸಿ. ‘ರೈಟರ್’ ಎಂದರೆ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರೂ ಹೌದು, ಆಳುಗಳ ಹಾಜರಿ ಬರೆಯುವವರೂ ಹೌದು. ಎರಡು ಅರ್ಥವನ್ನೂ ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬರೆಸಿ, ಪ್ರತಿಯೊಂದಕ್ಕೂ ಒಂದು ವಾಕ್ಯ ಮಾಡಿಸಿ.

ಅಕ್ಷರ ಕೊಟ್ಟರೆ ಪದ ಹೇಳುವ ಆ್ಯಪ್‌ಗಳಿವೆ. ಮಗು ಸೋತ ಮೇಲೆ ತಾಳೆ ನೋಡಲು ಬಳಸಿ, ಮೊದಲೇ ಬೇಡ.

ಇವತ್ತಿಗೆ ನಾಲ್ಕು ಕೊಡುತ್ತೇನೆ.
ಎಚ್, ಎಲ್, ಇ, ಸಿ, ಇ.
ಪಿ, ಆರ್, ಪಿ, ಇ, ಪಿ, ಇ.
ಎಫ್, ಎ, ಎಲ್, ಇ (ಎರಡು ಪದ).
ಡಿ, ಎಚ್, ಎಸ್, ಇ, ಎ (ಎರಡು ಪದ).

ಉತ್ತರ: ಲೀಚ್, ಮಳೆಗಾಲದಲ್ಲಿ ಕಾಲಿಗೆ ಹತ್ತುವ ಇಂಬಳ. ಪೆಪ್ಪರ್, ನೆರಳಿನ ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಲೀಫ್ ಎಂದರೆ ಎಲೆ, ಫ್ಲೀ ಎಂದರೆ ಚಿಗಟ. ಶೇಡ್ ನೆರಳು, ಹೆಡ್ಸ್ ತಲೆಗಳು.